ಇಪ್ಪತ್ತು ಅಪ್ರದಕ್ಷಿಣೆಯ ಮೇಷ್ಟ್ರು

ಬೆಳಗಿನ ಐದೂಕಾಲು ಗಂಟೆ. ಕಾರಮಡೈ ದಾಟಿ ಮೆಟ್ಟುಪಾಳ್ಯಂ ಕಡೆಗೆ ಹೋಗುವ ರಸ್ತೆಯ ಪಕ್ಕ, ಬಾಗಿಲು ಮುಚ್ಚಿ ಎಷ್ಟೋ ವರ್ಷವಾದ ನೂಲಿನ ಗಿರಣಿಯ ಅಂಗಳದಲ್ಲಿ ಮೈಲ್‌ಸಾಮಿ ಬಗ್ಗಿಕೊಂಡು ಸುಣ್ಣದ ಪುಡಿಯಲ್ಲಿ ರಸ್ತೆ ಬರೆಯುತ್ತಿದ್ದಾರೆ. ಒಂದು ಕೈಯಲ್ಲಿ ತಳಕ್ಕೆ ತೂತು ಹೊಡೆದ ಹಾಲಿನ ಪುಡಿಯ ಡಬ್ಬ, ಇನ್ನೊಂದು ಕೈ ನೋಯುವ ಸೊಂಟದ ಮೇಲೆ. ನಿನ್ನೆ ಬರೆದ ಗೆರೆಗಳನ್ನು ಮೇಕೆಗಳು ತುಳಿದು ಹಾಳು ಮಾಡಿವೆ. ಮೇಕೆಗಳಿಗೂ ಅವುಗಳ ವಂಶಕ್ಕೂ ಬೈಗುಳ ಸಲ್ಲಿಸುತ್ತಲೇ ಅವರು ಹೊಸ ಗೆರೆ ಎಳೆಯುತ್ತಾರೆ. ಗೆರೆ ಮಾತ್ರ ಮಗ್ಗದ ನೂಲಿನಷ್ಟು ನೇರ.

ಅರವತ್ತೊಂದರ ಈ ಮನುಷ್ಯ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಊರಲ್ಲಿ ಅಂಥವರಿಗೆ ಬರಗಾಲವಿಲ್ಲ. ಆದರೆ ಮೈಲ್‌ಸಾಮಿ ಕಲಿಸುವುದು ಕೊಯಮತ್ತೂರಿನಲ್ಲಿ ಕಾರು ಓಡಿಸುವುದನ್ನಲ್ಲ. ರಜೆಗೆಂದು ಪರದೇಶಕ್ಕೆ ಹೋಗಿ, ಅಲ್ಲಿ ಬಾಡಿಗೆ ಕಾರು ಹಿಡಿದು, ರಸ್ತೆಯ ಬಲಬದಿಯಲ್ಲಿ ಓಡಿಸಬೇಕಾದವರಿಗೆ ಅವರು ಆರು ದಿನದ ಪಾಠ ಹೇಳುತ್ತಾರೆ. ಹನ್ನೊಂದು ವರ್ಷದಲ್ಲಿ ಆರುನೂರಕ್ಕೂ ಹೆಚ್ಚು ಮಂದಿ ಇಲ್ಲಿ ಕಲಿತು ವಿಮಾನ ಹತ್ತಿದ್ದಾರೆ. ಮೇಷ್ಟ್ರ ಹತ್ತಿರ ಪಾಸ್‌ಪೋರ್ಟೇ ಇಲ್ಲ.

ಇವತ್ತು ಬಂದಿರುವವರು ರಾಮ್‌ಕುಮಾರ್ ಮತ್ತು ಅವರ ಹೆಂಡತಿ ಜನನಿ. ಗಂಡನದು ಸಿರುಮುಗೈಯಲ್ಲಿ ರೇಷ್ಮೆ ಸೀರೆ ವ್ಯಾಪಾರ, ಹೆಂಡತಿಗೆ ಶರವಣಂಪಟ್ಟಿಯ ಕಂಪನಿಯೊಂದರಲ್ಲಿ ಕೆಲಸ. ಭಾನುವಾರ ವಿಮಾನ. ಇವತ್ತು ಶುಕ್ರವಾರ, ಐದನೆಯ ಪಾಠ. ತಮ್ಮಂತೆ ಈ ಇಬ್ಬರ ಮನೆಮಾತೂ ಕನ್ನಡ ಎಂದು ಗೊತ್ತಾದ ಮೊದಲ ದಿನವೇ ಮೈಲ್‌ಸಾಮಿ ತಮಿಳನ್ನು ಪಕ್ಕಕ್ಕಿಟ್ಟರು. ಅವರ ಕನ್ನಡ ಅರ್ಧ ತಮಿಳೇ ಎಂಬುದು ಬೇರೆ ಮಾತು. ಓದಲು ಬರುವುದು ತಮಿಳು ಮಾತ್ರ, ಹಾಗಾಗಿ ಈ ಬರಹವನ್ನು ಅವರಿಗೆ ಯಾರಾದರೂ ಓದಿ ಹೇಳಬೇಕು.

ಮೇಷ್ಟ್ರ ಕಾರು ನೋಡಬೇಕಾದದ್ದು. ಎಲ್ಲ ಡ್ರೈವಿಂಗ್ ಸ್ಕೂಲಿನ ಕಾರುಗಳಂತೆ ಇದರಲ್ಲೂ ಎಡಗಡೆ ಕೂರುವ ಮೇಷ್ಟ್ರ ಕಾಲಡಿ ಒಂದು ಬ್ರೇಕು, ಒಂದು ಕ್ಲಚ್ ಉಂಟು. ಮೈಲ್‌ಸಾಮಿ ಮಾಡುವುದೇನೆಂದರೆ, ಆ ತಮ್ಮ ಜಾಗದಲ್ಲಿ ಕಲಿಯುವವರನ್ನು ಕೂರಿಸಿ ತಾವು ಬಲಗಡೆ ಸ್ಟೀರಿಂಗ್ ಹಿಡಿಯುತ್ತಾರೆ. ಕಲಿಯುವವರ ತೊಡೆಯ ಮೇಲೆ ಗುಜರಿಯಿಂದ ತಂದ ಹಳೆಯ ಸ್ಟೀರಿಂಗ್ ಚಕ್ರವೊಂದನ್ನು ಇಡುತ್ತಾರೆ. ಅವರು ಅದನ್ನು ಎಷ್ಟು ತಿರುಗಿಸಿದರೆ ಮೈಲ್‌ಸಾಮಿ ನಿಜವಾದ ಚಕ್ರವನ್ನು ಅಷ್ಟೇ ತಿರುಗಿಸುತ್ತಾರೆ. ಎಡಗಡೆ ಕೂತು ರಸ್ತೆ ನೋಡುವ ಕಣ್ಣು ಬರಬೇಕಾದರೆ ಇದೊಂದೇ ದಾರಿ, ಎಡಗಡೆ ಸ್ಟೀರಿಂಗ್ ಇರುವ ಕಾರು ನಮ್ಮಲ್ಲಿ ಎಲ್ಲಿ ಸಿಗಬೇಕು?

"ನಿಮ್ ಕೈ ಹೋದಂಗೆ ವಂಡಿ ಹೋಗುತ್ತೆ ಸಾಮಿ. ನಾ ಬರೀ ಯಂತ್ರ," ಎನ್ನುತ್ತಾರೆ ರಾಮ್‌ಕುಮಾರ್‌ಗೆ. "ನೀವು ತಪ್ಪು ತಿರುಗಿಸಿದ್ರೆ ನಾನೂ ತಪ್ಪಾಗೇ ಹೋಗ್ತೀನಿ. ತಿದ್ದೋಕಿಲ್ಲೆ. ಆನಾ ಬ್ರೇಕು ನಿಮ್ ಕಾಲಡಿ ಅದೆ, ಮರೀಬೇಡಿ." ಆನಾ ಎಂದರೆ ಆದರೆ.

ಹುಟ್ಟಿದ್ದು ಸಿರುಮುಗೈಯ ನೇಕಾರರ ಮನೆಯಲ್ಲಿ. ಹನ್ನೆರಡಕ್ಕೆ ಗುಂಡಿಮಗ್ಗಕ್ಕೆ ಇಳಿದವರು ಇಪ್ಪತ್ತನಾಲ್ಕಕ್ಕೆ ಮೇಲೆದ್ದರು. ಅಷ್ಟರಲ್ಲಿ ಬೆನ್ನು ಹಾಳಾಗಿತ್ತು. ಆಮೇಲೆ ಮೆಟ್ಟುಪಾಳ್ಯಂ ಮಂಡಿಯಿಂದ ಕ್ಯಾರೆಟ್ಟು, ಕೋಸು ತುಂಬಿಕೊಂಡು ಕೇರಳಕ್ಕೆ ಲಾರಿ. ಅಲ್ಲಿಂದ ತಿರುಪ್ಪೂರಿನ ಬನಿಯನ್ ರಫ್ತು ಕಂಪನಿಯಲ್ಲಿ ಕಾರು. ಪರದೇಶದಿಂದ ಬಟ್ಟೆ ಕೊಳ್ಳಲು ಬರುವವರನ್ನು ವಿಮಾನ ನಿಲ್ದಾಣದಿಂದ ಕರೆತಂದು, ಫ್ಯಾಕ್ಟರಿ ತೋರಿಸಿ, ಮತ್ತೆ ಹತ್ತಿಸಿ ಬರುವ ಕೆಲಸ.

ಆ ಕೆಲಸದಲ್ಲೇ ಈ ವಿದ್ಯೆಯ ಬೀಜ ಬಿದ್ದದ್ದು. ಬಂದವನೊಬ್ಬ ಅವಿನಾಶಿ ಹತ್ತಿರ ಒಂದು ಭಾನುವಾರ, ತಾನೇ ಓಡಿಸುತ್ತೇನೆಂದು ಹಟ ಹಿಡಿದ. ಗಿಜಿಗುಟ್ಟುವ ಪೇಟೆಯಲ್ಲಿ ಚೆನ್ನಾಗಿಯೇ ಓಡಿಸಿದನಂತೆ. ಎಳನೀರು ಕುಡಿಯಲು ನಿಲ್ಲಿಸಿ, ಮತ್ತೆ ಹೊರಟಾಗ ರಸ್ತೆ ಖಾಲಿ. ಅವನ ಕೈ ತಾನಾಗಿ ತನ್ನ ದೇಶದ ಬದಿಗೆ ಹೋಯಿತು. ಎದುರಿಗೆ ಬಸ್ಸು. ಮೈಲ್‌ಸಾಮಿ ಹ್ಯಾಂಡ್‌ಬ್ರೇಕ್ ಎಳೆದದ್ದರಿಂದ ಇಬ್ಬರೂ ಉಳಿದರು. ಮುಂದಿನ ಮೂರು ದಿನ ಆ ಮನುಷ್ಯ ಬಿಲ್ಲಿನ ಹಿಂಬದಿಯಲ್ಲಿ ಚಿತ್ರ ಬರೆದು ಬರೆದು ತನ್ನೂರಿನ ರಸ್ತೆಯನ್ನು ಇವರಿಗೆ ಅರ್ಥ ಮಾಡಿಸಿದ.

"ಕೂಟ ಇದ್ರೆ ಭಯ ಇಲ್ಲೆ. ಮುಂದೆ ಹೋಗೋವನ ಹಿಂದೆ ಹೋದ್ರೆ ಆಯ್ತು. ಖಾಲಿ ರೋಡೇ ಆಳ್ನ ಮುಗಿಸೋದು. ನಿಲ್ಲಿಸಿ ಹೊರಡೋವಾಗ, ಬಂಕ್‌ನಿಂದ ಹೊರಗೆ ಬರೋವಾಗ, ಊಟ ಮಾಡಿ ಹೊಟ್ಟೆ ತುಂಬಿರೋವಾಗ. ಅಲ್ಲಿ ಪಳಕ್ಕ ಬಂದು ಕೈ ಹಿಡಿಯುತ್ತೆ," ಎನ್ನುತ್ತಾರೆ. ಪಳಕ್ಕ ಎಂದರೆ ಅಭ್ಯಾಸ. ಅವರ ಆರು ಪಾಠವೂ ಅಭ್ಯಾಸದ ಮೇಲೆ ಹೂಡಿದ ಯುದ್ಧವೇ.

ಮೊದಲನೆಯದು ಕಾಗದದ ಪಾಠ. ಪಾಸ್‌ಪೋರ್ಟು, ಇಲ್ಲಿಯ ಲೈಸೆನ್ಸು, ಇಂಟರ್‌ನ್ಯಾಷನಲ್ ಪರ್ಮಿಟ್ಟು ಮೂರೂ ಕೈಯಲ್ಲಿರಬೇಕು, ಬಾಡಿಗೆ ಕಾರಿನ ವಿಮೆಯ ಕಾಗದವನ್ನು ಸಹಿ ಹಾಕುವ ಮುಂಚೆ ಓದಬೇಕು. ಎರಡನೆಯದು ಬೆಲ್ಟು ಮತ್ತು ಮಕ್ಕಳ ಸೀಟು. ಮಡಿಲಲ್ಲಿ ಮಗು ಕೂರಿಸಿಕೊಳ್ಳುವ ತಾಯಂದಿರಿಗೆ ಅವತ್ತು ಮೈಲ್‌ಸಾಮಿಯಿಂದ ಚೆನ್ನಾಗಿ ಮಂಗಳಾರತಿ ಆಗುತ್ತದೆ. ಮೂರನೆಯದು ವೇಗ, ಕ್ಯಾಮೆರಾ, ಕುಡಿತ. ನಾಲ್ಕನೆಯದು ದಾರಿ ಬಿಡುವುದು: ಪಟ್ಟೆ ಗೆರೆಯ ಹತ್ತಿರ ಮನುಷ್ಯ ಕಂಡರೆ ಕಾರು ನಿಲ್ಲಬೇಕು. ಹಾರ್ನ್ ಹೊಡೆಯುವ ಬೆರಳಿಗೆ ಅವರು ಬಟ್ಟೆ ಸುತ್ತುತ್ತಾರೆ. ಬಾಡಿಗೆ ಕಾರಿನ ಗಾಜಿಗೆ ಗಂಧ ಕುಂಕುಮ ಹಚ್ಚಬಾರದು, ಚಕ್ರದಡಿ ನಿಂಬೆಹಣ್ಣು ಇಡಬಾರದು ಎಂಬುದೂ ಅವತ್ತಿನದೇ ಪಾಠ. "ಒಬ್ಬರು ಏರ್‌ಪೋರ್ಟ್ ಬಾಗ್ಲಲ್ಲೇ ತೆಂಗಿನಕಾಯಿ ಒಡೆದುಬಿಟ್ರು. ಪೋಲೀಸು ಬಂತು," ಎಂದು ಅವರೇ ನಗುತ್ತಾರೆ.

ಆರನೆಯ ದಿನ ಎಲ್ಲವನ್ನೂ ಸೇರಿಸಿ ಪರೀಕ್ಷೆ. ನಡುವಿನ ಐದನೆಯದೇ ಈ ಕಥೆಯ ಮುಳ್ಳು.

ಗಿರಣಿಯ ಅಂಗಳದ ನಡುಮಧ್ಯೆ ಬೇವಿನ ಮರದಡಿ ದುಂಡನೆಯ ಕಟ್ಟೆ, ಕಟ್ಟೆಯ ಮೇಲೆ ಪಿಳ್ಳೆಯಾರ್. ಗಿರಣಿ ಮುಚ್ಚಿ ಕೂಲಿಯವರು ಚದುರಿದರೂ ಗಣಪತಿ ಎಲ್ಲೂ ಹೋಗಲಿಲ್ಲ. ನಮ್ಮ ರಸ್ತೆಯ ವೃತ್ತಗಳಲ್ಲಿ, ಮೇಷ್ಟ್ರು ರೌಂಡಾನಾ ಎನ್ನುವಲ್ಲಿ, ನಾವು ಪ್ರದಕ್ಷಿಣೆಯ ದಿಕ್ಕಿನಲ್ಲೇ ಸುತ್ತುತ್ತೇವೆ, ನಡುವಿನದು ಯಾವಾಗಲೂ ಬಲಗೈಗೆ. ಬಲಬದಿಯ ದೇಶಗಳಲ್ಲಿ ಅದು ತಿರುಗುಮುರುಗು: ವೃತ್ತ ಎಡಗೈಗೆ ಇರಬೇಕು. ಅಂದರೆ ಅಪ್ರದಕ್ಷಿಣೆ. ಐದನೆಯ ದಿನ ಮೈಲ್‌ಸಾಮಿ ಕಲಿಯುವವರಿಂದ ಈ ಪಿಳ್ಳೆಯಾರ್‌ಗೆ ಇಪ್ಪತ್ತು ಅಪ್ರದಕ್ಷಿಣೆ ಹಾಕಿಸುತ್ತಾರೆ.

ಅಪ್ರದಕ್ಷಿಣೆ ಬರುವುದು ಸಾವಿನ ಮನೆಯಲ್ಲಿ, ಚಿತೆಯ ಸುತ್ತ. ಇದು ಮೈಲ್‌ಸಾಮಿಗೆ ಗೊತ್ತಿಲ್ಲದ್ದೇನಲ್ಲ. ಪಾಠಕ್ಕೆ ಮುಂಚೆ ಅವರೇ ಚಪ್ಪಲಿ ಬಿಟ್ಟು ಮೂರು ಸರಿಯಾದ ಸುತ್ತು ಬಂದು ಕ್ಷಮೆ ಕೇಳುತ್ತಾರೆ. ಒಂದು ಎಣ್ಣೆ ಡ್ರಮ್ಮು ನಿಲ್ಲಿಸಿ ಅದರ ಸುತ್ತ ಸುತ್ತಿಸಬಾರದೇ ಎಂದರೆ ತಲೆಯಾಡಿಸುತ್ತಾರೆ.

"ಡ್ರಮ್ಮ ಯಾರು ಬೇಕಾದ್ರೂ ಸುತ್ತುತ್ತಾರೆ. ಅಲ್ಲಿ ಮೈ ತಡೆಯೋಕಿಲ್ಲೆ. ಸಣ್ಣ ವಯಸ್ಸಿಂದ ಸಾಮೀನ ಬಲಗೈಗೆ ಇಟ್ಟು ಸುತ್ತಿದ ಮೈ ನಮ್ದು. ಆ ದೇಶದಲ್ಲಿ ರೌಂಡಾನಾ ನಡುವೆ ಸಂತರ ಸಿಲೆ ಇರುತ್ತೆ, ಕಲ್ಲು ಶಿಲುಬೆ ಇರುತ್ತೆ. ಅದ ನೋಡಿದ್ರೆ ನಮ್ಮಾಳುಗಳ ಒಂದು ಕೈ ಕೆನ್ನೆಗೆ ಹೋಗುತ್ತೆ, ಇನ್ನೊಂದು ಕೈ ಸ್ಟೀರಿಂಗ್ ತಿರುಗಿಸಿಬಿಡುತ್ತೆ. ಈ ಪಳಕ್ಕ ಇಲ್ಲೇ, ಈ ಸಾಮಿ ಮುಂದೇನೇ ಮುರೀಬೇಕು. ಒಂದು ಸುತ್ತಲ್ಲಿ ಮುರಿಯೋಕಿಲ್ಲೆ. ಹದಿನೈದು ಸುತ್ತು ಆಗೋವರೆಗೂ ಮೈ ನಡುಗುತ್ತೆ. ಆಮೇಲೆ ಅಡಗುತ್ತೆ."

ಎರಡು ವರ್ಷದ ಹಿಂದಿನ ಬೇಸಿಗೆ ರಜೆ. ತಿರುಪ್ಪೂರಿನಲ್ಲಿ ಬನಿಯನ್ ಲೇಬಲ್ ಅಚ್ಚು ಹಾಕಿಸುವ ಸೆಂದಿಲ್ ಕುಮಾರ್, ಹೆಂಡತಿ ನಿತ್ಯಾ, ನಾಲ್ಕು ವರ್ಷದ ಮಗಳು ತೆನ್‌ಮೊಳಿ ಗುಡ್ಡಗಾಡಿನ ಪರದೇಶವೊಂದಕ್ಕೆ ಹೊರಟಿದ್ದರು. ಓಡಿಸುವವಳು ನಿತ್ಯಾ. ನಾಲ್ಕು ಪಾಠ ಚೆನ್ನಾಗಿ ಕಲಿತಳು. ಐದನೆಯ ದಿನ ಮೊಮ್ಮಗಳನ್ನು ಎತ್ತಿಕೊಂಡು ಅತ್ತೆ ಪಳನಿಯಮ್ಮಾಳ್ ಕೂಡ ಬಂದಿದ್ದರು. ಕಾರು ಪಿಳ್ಳೆಯಾರ್ ಕಟ್ಟೆಯನ್ನು ತಿರುಗುಮುರುಗಾಗಿ ಒಂದು ಸುತ್ತು ಬಂದದ್ದೇ ತಡ, ಆಕೆ ಅಡ್ಡ ಬಂದು ಬಾನೆಟ್ಟಿನ ಮೇಲೆ ಎರಡೂ ಕೈ ಇಟ್ಟರು. ಪ್ರಯಾಣ ಹೊರಟಿರುವ ಮನೆಯವರಿಂದ ಸಾವಿನ ಸುತ್ತು ಹಾಕಿಸುತ್ತೀಯಾ ಎಂದು ಕೂಗಾಡಿದರು. ಸೆಂದಿಲ್ ತಲೆ ತಗ್ಗಿಸಿದ. ನಿತ್ಯಾ ಕಾರಿನಿಂದ ಇಳಿದಳು.

ಮೈಲ್‌ಸಾಮಿ ಇನ್ನೊಂದು ಮಾತು ಆಡಬಹುದಿತ್ತು, ಆಡಲಿಲ್ಲ. ಅವರಿಗೂ ಒಳಗೊಳಗೇ ಅಳುಕಿತ್ತು, ಅಡ್ಡ ಬಂದವರು ಹಿರಿಯಕ್ಕನ ವಯಸ್ಸಿನವರು ಬೇರೆ. ಆರನೆಯ ಪಾಠಕ್ಕೆ ಯಾರೂ ಬರಲಿಲ್ಲ. ಸ್ಕೂಲಿನ ಯಜಮಾನ ದೇವರಾಜನ್ ಒಂದು ಸರ್ಟಿಫಿಕೇಟು ಅಚ್ಚು ಹಾಕಿಸಿದ್ದಾರೆ: ಇಂಥವರು ಬಲಬದಿ ಚಾಲನೆಯ ಆರೂ ಪಾಠ ಮುಗಿಸಿದ್ದಾರೆ, ಕೆಳಗೆ ಮೇಷ್ಟ್ರ ಸಹಿ, ಅವರ ಮಾತಿನಲ್ಲಿ ಕೈಯೆಳುತ್ತು. ಕಾನೂನಿಗೆ ಅದು ಬೇಕಾಗಿಲ್ಲ, ಪರ್ಮಿಟ್ಟಿದ್ದರೆ ಸಾಕು. ಆದರೆ ಜನಕ್ಕೆ ಸೀಲು ಬಿದ್ದ ಕಾಗದ ಎಂದರೆ ಪ್ರಾಣ. ದೇವರಾಜನ್ ಕಾಗದ ಮುಂದಿಟ್ಟರು, ಮೈಲ್‌ಸಾಮಿ ಸಹಿ ಹಾಕಿದರು.

ಪ್ರವಾಸದ ಮೂರನೆಯ ದಿನ, ಮಧ್ಯಾಹ್ನದ ಊಟ ಮುಗಿಸಿ ಹೊರಟಾಗ, ಖಾಲಿ ರಸ್ತೆಯ ಕೊನೆಗೆ ಒಂದು ವೃತ್ತ ಬಂತು. ನಡುವೆ ಕಲ್ಲಿನ ಯಾವನೋ ಸಂತ. ನಿತ್ಯಾಳ ಕೈ ಅವನನ್ನು ಬಲಗೈಗೆ ಇಟ್ಟುಕೊಂಡು ತಿರುಗಿತು. ಎದುರಿಗೆ ಸರಿಯಾದ ದಾರಿಯಲ್ಲೇ ಬಂದ ಹಾಲಿನ ಲಾರಿ. ಸೆಂದಿಲ್ ಅಲ್ಲೇ ಹೋದ. ಹಿಂದಿನ ಸೀಟಿನಲ್ಲಿ, ಮಕ್ಕಳ ಕುರ್ಚಿಗೆ ಬಿಗಿದು ಕಟ್ಟಿದ್ದ ತೆನ್‌ಮೊಳಿಗೆ ಒಂದು ತರಚು ಗಾಯವೂ ಆಗಲಿಲ್ಲ. ಎರಡನೆಯ ಪಾಠವನ್ನು ನಿತ್ಯಾ ಅಕ್ಷರಶಃ ಪಾಲಿಸಿದ್ದಳು.

ಮುಂದಿನದು ಇನ್ನೂ ಕಹಿ. ಗಂಡನ ಹೆಣ ಊರಿಗೆ ಬಂತು, ಹೆಂಡತಿ ಬರಲಿಲ್ಲ. ಐದು ತಿಂಗಳು ಅವಳನ್ನು ಕೇಸಿಗಾಗಿ ಅಲ್ಲೇ ಇರಿಸಿಕೊಂಡರು. ಬ್ಯಾಗಿನಲ್ಲಿ ಸಿಕ್ಕ ಸರ್ಟಿಫಿಕೇಟನ್ನು ಆ ಕಡೆಯ ವಕೀಲ ಕೋರ್ಟಿನಲ್ಲಿ ಎತ್ತಿ ತೋರಿಸಿದನಂತೆ: ಆರೂ ಪಾಠ ಕಲಿತವಳು ಹೀಗೆ ಹೋದರೆ ಅದು ತಿಳಿಯದೆ ಆದ ತಪ್ಪಲ್ಲ, ಅಜಾಗರೂಕತೆ. ಮೈಲ್‌ಸಾಮಿಯ ಸಹಿ ಅವಳ ಶಿಕ್ಷೆಗೆ ಸಾಕ್ಷಿ ಹೇಳಿತು. ಈ ಸಂಗತಿ ಗೊತ್ತಾದ ದಿನ ಅವರು ಊಟ ಮಾಡಲಿಲ್ಲ ಎಂದು ಅವರ ಹೆಂಡತಿ ರುಕ್ಮಣಿ ಹೇಳುತ್ತಾರೆ. "ಬಲಗೈಯ ತಿರುಗಿಸಿ ತಿರುಗಿಸಿ ನೋಡ್ಕೊಂಡು ಕೂತಿದ್ರು."

ಪಳನಿಯಮ್ಮಾಳ್ ಊರೆಲ್ಲ ಕೇಳುವ ಹಾಗೆ ಮಾತಾಡಿದರು. ಅವರ ಪ್ರಕಾರ ಮಗ ಸತ್ತದ್ದು ಹತ್ತೊಂಬತ್ತು ಸುತ್ತು ಬಿಟ್ಟದ್ದರಿಂದಲ್ಲ, ಒಂದು ಸುತ್ತು ಬಂದದ್ದರಿಂದ. ದೇವರಿಗೆ ಅಪ್ರದಕ್ಷಿಣೆ ಹಾಕಿಸಿ ಆ ಡ್ರೈವರು ನನ್ನ ಮಗನನ್ನು ತಿಂದ ಎಂದು ಹೇಳುತ್ತಾ ಬಂದರು. ತಿರುಪ್ಪೂರು, ಅವಿನಾಶಿ, ಕಾರಮಡೈ ನಂಬಿದವು. ಗಿರಣಿ ಅಂಗಳಕ್ಕೆ ಬರುವವರು ಐದನೆಯ ದಿನ ತಪ್ಪಿಸಿಕೊಳ್ಳತೊಡಗಿದರು. ಈ ವರ್ಷ ದೇವರಾಜನ್ ಬೋರ್ಡನ್ನೇ ಬದಲಿಸಿದರು: ಐದು ದಿನ, ಐದು ಪಾಠ. ಮಗನನ್ನು ಕಳೆದುಕೊಂಡ ತಾಯಿಗೆ ಎದುರು ಮಾತು ಆಡಲು ಮೈಲ್‌ಸಾಮಿಗೆ ಬಾಯಿ ಬರಲಿಲ್ಲ. ಆಡಬೇಕಿತ್ತು ಎಂದು ನನಗೆ ಸಿಟ್ಟು ಬರುತ್ತದೆ. ಈ ಮೌನಕ್ಕೆ ನಾವೆಲ್ಲ ಸಭ್ಯತೆ ಎಂದು ಹೆಸರಿಟ್ಟಿದ್ದೇವೆ.

ಕಳೆದ ತೈ ತಿಂಗಳಲ್ಲಿ, ಸಂಕ್ರಾಂತಿ ಆದ ಮೇಲೆ, ನಿತ್ಯಾ ಬಂದಿದ್ದಳು, ಬಸ್ಸಿನಲ್ಲಿ, ಒಬ್ಬಳೇ. ಕಟ್ಟೆಯ ಮೇಲೆ ಕೂತು ಒಂದೇ ಪ್ರಶ್ನೆ ಕೇಳಿದಳು. ಅವತ್ತು ಇಪ್ಪತ್ತು ಸುತ್ತೂ ಬಂದಿದ್ದರೆ ಅವರು ಬದುಕಿರುತ್ತಿದ್ದರಾ?

ವಿಧಿ ಎನ್ನಬಹುದಿತ್ತು. ನಮ್ಮಲ್ಲಿ ಇಂಥ ಹೊತ್ತಿಗೆಂದೇ ಆ ಮಾತು ಇಟ್ಟುಕೊಂಡಿದ್ದೇವೆ. "ಇರ್ತಿದ್ದರಮ್ಮಾ," ಎಂದರು ಮೈಲ್‌ಸಾಮಿ. "ಅದು ನಿನ್ ತಪ್ಪಲ್ಲ. ಮುಗಿಯದ ಪಾಠಕ್ಕೆ ಮುಗೀತು ಅಂತ ಕೈಯೆಳುತ್ತು ಹಾಕಿದ್ದು ನಾನು."

ಅವಳು ಅತ್ತಳು. ಹೊರಡುವಾಗ, ನೋಡಿದವರೆಲ್ಲ ನನಗೆ ಸಮಾಧಾನ ಹೇಳಿದರು, ನಿಜ ಹೇಳಿದವರು ನೀವೊಬ್ಬರೇ ಅಂದಳು. ಹೊಗಳಿದಳೋ ಬೈದಳೋ ಮೈಲ್‌ಸಾಮಿಗೆ ಇವತ್ತಿಗೂ ತಿಳಿದಿಲ್ಲ.

ಇತ್ತ ಬೆಳಕು ಹರಿದಿದೆ. ನೀಲಗಿರಿಯ ಬುಡದಲ್ಲಿ ಮಂಜು, ರಸ್ತೆಯಲ್ಲಿ ತರಕಾರಿ ಲಾರಿಗಳ ಸಾಲು. ಬೋರ್ಡು ಬದಲಾದರೂ ಮೈಲ್‌ಸಾಮಿಯ ಲೆಕ್ಕದಲ್ಲಿ ಪಾಠ ಆರೇ. ಮೂರು ಸುತ್ತು ಬಂದು ಕ್ಷಮೆ ಕೇಳಿ, ಕಾರನ್ನು ಕಟ್ಟೆಯ ಹತ್ತಿರ ತಂದು ನಿಲ್ಲಿಸುತ್ತಾರೆ. ರಾಮ್‌ಕುಮಾರ್ ಚಕ್ರವನ್ನು ತೊಡೆಯಿಂದ ತೆಗೆದು ಹಿಂದಿನ ಸೀಟಿಗೆ ಎಸೆಯುತ್ತಾರೆ.

"ಬೇಡ ಅಣ್ಣಾ. ನಂಗೆ ನಂಬಿಕೆ ಗಿಂಬಿಕೆ ಏನಿಲ್ಲೆ. ಆನಾ ಮನೇಲಿ ಗೊತ್ತಾದ್ರೆ ಅಮ್ಮ ಸುಮ್ಮನೆ ಬಿಡೋಕಿಲ್ಲೆ. ವೀಡಿಯೋ ನೋಡಿದ್ದೀನಿ, ಸಾಕು. ನೀವು ಸರ್ಟಿಫಿಕೇಟ್ ಕೊಟ್ಟುಬಿಡಿ."

"ಸುತ್ತು ಬರದೆ ಕೈಯೆಳುತ್ತು ಇಲ್ಲೆ ಸಾಮಿ."

ರಾಮ್‌ಕುಮಾರ್ ಫೋನು ಮಾಡುತ್ತಾರೆ. ಇಪ್ಪತ್ತು ನಿಮಿಷದಲ್ಲಿ ದೇವರಾಜನ್ ಬೈಕಿನಲ್ಲಿ ಬಂದಿಳಿಯುತ್ತಾರೆ, ಕಂಕುಳಲ್ಲಿ ಫೈಲು. ತಮಿಳಿನಲ್ಲಿ ನಡೆದ ಮಾತಿನ ಸಾರ ಇಷ್ಟೇ: ಈ ಸುತ್ತಿನಿಂದ ಸ್ಕೂಲಿಗೆ ಬಂದಿರುವ ಕೆಟ್ಟ ಹೆಸರು ಸಾಲದೇ? ಈಗಲೇ ಸಹಿ ಹಾಕು. ಇಲ್ಲದಿದ್ದರೆ ಫಾರಿನ್ ಕ್ಲಾಸಿಗೆ ಇದೇ ಕಡೆಯ ದಿನ, ಸೋಮವಾರದಿಂದ ಬೇರೆ ಮೇಷ್ಟ್ರು ಬರುತ್ತಾನೆ. ಹನ್ನೊಂದು ವರ್ಷದ ವಿದ್ಯೆಗೆ ಅವರು ಕಟ್ಟಿದ ಬೆಲೆ ಅದು.

ಮೈಲ್‌ಸಾಮಿ ಕಾಗದ ಮುಟ್ಟುವುದಿಲ್ಲ. "ಸರಿ, ಕಡೇ ದಿನ," ಎನ್ನುತ್ತಾರೆ.

ಅಷ್ಟು ಹೊತ್ತೂ ಬೇವಿನ ನೆರಳಲ್ಲಿ ನಿಂತಿದ್ದ ಜನನಿ ಹತ್ತಿರ ಬರುತ್ತಾರೆ. "ಅಣ್ಣಾ, ಈ ಸುತ್ತಿಗೋಸ್ಕರ ನೀವು ಕೆಲಸಾನೇ ಬಿಡ್ತಾ ಇದ್ದೀರಿ. ಏನಾಯ್ತು, ಹೇಳಿ."

ಸೆಂದಿಲ್ ಕುಮಾರನ ಸುದ್ದಿಯನ್ನು ಕಲಿಯುವವರ ಕಿವಿಗೆ ಹಾಕಕೂಡದು ಎಂದು ಯಜಮಾನರ ಅಪ್ಪಣೆ ಇದೆ. ಯಜಮಾನರು ಎದುರಿಗೇ ನಿಂತಿದ್ದಾರೆ. ಮೈಲ್‌ಸಾಮಿ ಅವರ ಕಡೆ ನೋಡದೆ ಎಲ್ಲವನ್ನೂ ಹೇಳುತ್ತಾರೆ: ಬಾನೆಟ್ಟಿನ ಮೇಲಿಟ್ಟ ಎರಡು ಕೈ, ಹಾಲಿನ ಲಾರಿ, ಕೋರ್ಟಿನಲ್ಲಿ ಓದಿದ ಸರ್ಟಿಫಿಕೇಟು, ನಿತ್ಯಾ ಕೇಳಿದ್ದು, ತಾವು ಹೇಳಿದ್ದು. ಊರು ಹೇಳುವ ಕಥೆಯನ್ನೂ ಬಿಡುವುದಿಲ್ಲ. "ಆ ಒಂದು ಸುತ್ತೇ ಕೊಂದಿದ್ದು ಅಂತಾರೆ. ನಾ ಅಂಗೆ ನಂಬೋಕಿಲ್ಲೆ. ನಿಮ್ಗೆ ಯಾವುದು ಸರಿ ಅಂತ ಕಾಣುತ್ತೋ ಅದ ಮಾಡಿ," ಎಂದು ಮುಗಿಸುತ್ತಾರೆ. ದೇವರಾಜನ್ ಫೈಲನ್ನು ಕಟ್ಟೆಯ ಮೇಲೆ ಬಿಸಾಕಿ ಬೈಕು ಹತ್ತಿ ಹೋಗುತ್ತಾರೆ.

ಜನನಿ ಹಿಂದಿನ ಸೀಟಿನಿಂದ ಚಕ್ರ ತೆಗೆದು ಗಂಡನ ತೊಡೆಯ ಮೇಲಿಡುತ್ತಾರೆ. "ಅತ್ತೇಗೆ ನಾ ಹೇಳ್ಕೋತೀನಿ. ಸುತ್ತಿ," ಎಂದು ತಾವೂ ಹಿಂದೆ ಹತ್ತಿ ಬೆಲ್ಟು ಹಾಕಿಕೊಳ್ಳುತ್ತಾರೆ.

ಮೊದಲ ಸುತ್ತಿನಲ್ಲೇ ರಾಮ್‌ಕುಮಾರ್ ಕೈ ಬಲಕ್ಕೆ ಬದಲು ಎಡಕ್ಕೆ ಹೋಗುತ್ತದೆ. ಮೈಲ್‌ಸಾಮಿ ಕೂಡ, ಮಾತು ಕೊಟ್ಟಿದ್ದಂತೆ, ತಪ್ಪಾಗಿಯೇ ತಿರುಗಿಸುತ್ತಾರೆ. ಬ್ರೇಕು ಬೀಳುತ್ತದೆ. ನಂಬಿಕೆ ಗಿಂಬಿಕೆ ಇಲ್ಲದ ಮನುಷ್ಯನ ಹಣೆಯಲ್ಲಿ ಬೆವರು. ಮತ್ತೆ ಮೊದಲಿನಿಂದ. ನಾಲ್ಕು, ಏಳು, ಹನ್ನೊಂದು. ಪಿಳ್ಳೆಯಾರ್ ಪ್ರತಿ ಸಲವೂ ಎಡಗೈಗೆ ದಾಟಿಹೋಗುತ್ತಾನೆ. ಹದಿನಾರಕ್ಕೆ ರಾಮ್‌ಕುಮಾರ್ ಭುಜ ಸಡಿಲವಾಗುತ್ತದೆ, ಅದನ್ನು ಮೈಲ್‌ಸಾಮಿ ಓರೆಗಣ್ಣಿನಲ್ಲಿ ಗಮನಿಸುತ್ತಾರೆ. ಸೋಮವಾರದಿಂದ ಇಲ್ಲಿ ಈ ಪಾಠ ಹೇಳುವವರಿಲ್ಲ. ಮುಂದೇನು ಮಾಡುತ್ತೀರಿ ಎಂದು ಕಾರು ಹತ್ತುವ ಮುಂಚೆ ನಾನು ಕೇಳಿದ್ದಕ್ಕೆ ಮಂಡಿಯಲ್ಲಿ ಲಾರಿ ಇದ್ದೇ ಇದೆ ಅಂದಿದ್ದರು.

ಕಾರು ನಿಲ್ಲುತ್ತದೆ. ಮೈಲ್‌ಸಾಮಿ ಇಳಿದು, ಕಟ್ಟೆಯ ಮೇಲಿನ ಫೈಲು ಬಿಚ್ಚಿ, ಕಾಗದವನ್ನು ಅಂಗೈಯಿಂದ ಉಜ್ಜಿ ನೇರ ಮಾಡುತ್ತಾರೆ.

"ಇಪ್ಪತ್ತು ಆಯ್ತು. ನಾಳೆ ಬೆಳಗ್ಗೆ ಆರನೇ ಪಾಠಕ್ಕೆ ಬನ್ನಿ, ಯಜಮಾನರು ಸ್ಕೂಲ್ ಕಾರಿನ ಚಾವಿ ಕೊಡದಿದ್ರೆ ನಿಮ್ ಕಾರಲ್ಲೇ ನೋಡೋಣ. ಅದು ಮುಗಿದ ಮೇಲೆ ಪೇನಾ ಕೊಡಿ, ಕೈಯೆಳುತ್ತು ಹಾಕ್ತೀನಿ."